ಎರಡು ಬಾಗಿಲು, ಒಂದು ಪಡವಲಕಾಯಿ

ಮೂವತ್ತೇಳು ಅಡಿ ಉದ್ದದ ಪಡವಲಕಾಯಿ ಬೆಳೆದವನು ಈ ಭೂಮಿಯ ಮೇಲೆ ಒಬ್ಬನೇ, ಅದು ನಾನು. ಅದರ ತೊಟ್ಟು ನಮ್ಮ ಹಿತ್ತಲಿನ ಚಪ್ಪರದಲ್ಲಿತ್ತು. ತುದಿ ಓಣಿ ದಾಟಿ, ಹಿಟ್ಟಿನ ಗಿರಣಿಯ ಮೂಲೆಗೆ ತಿರುಗಿ, ಬಸ್ ನಿಲ್ದಾಣದ ಕಟ್ಟೆಯ ಮೇಲೆ ತಲೆಯಿಟ್ಟು ಮಲಗಿತ್ತು. ಬಸ್ಸಿಗೆ ಕಾಯುವ ಹೆಂಗಸರು ಅದಕ್ಕೆ ಬೆನ್ನು ಆನಿಸಿ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದರು. ಅಲ್ಲಿ ಯಾರಾದರೂ ತುದಿ ಕೊಯ್ದು ಪಲ್ಯ ಮಾಡಿ, ಉಂಡು, ಪಾತ್ರೆ ತೊಳೆದಿಟ್ಟ ಮೇಲೆ ಇಲ್ಲಿ ತೊಟ್ಟಿಗೆ ಸುದ್ದಿ ಮುಟ್ಟುತ್ತಿತ್ತು. ನಂಬುವುದಿಲ್ಲವೆಂದರೆ ಬಿಡಿ. ನಿಮ್ಮಂಥ ನಂಬದವರಿಗಾಗಿಯೇ ಮೋಜಣಿ ವಿರೂಪಾಕ್ಷಪ್ಪನವರು ಅಳತೆಯ ಟೇಪು ಹಿಡಿದು ಒಂದು ಭಾನುವಾರ ನಮ್ಮ ಮನೆಗೆ ಬಂದರು. ಆ ಭಾನುವಾರದ ಕಥೆಯನ್ನೇ ಹೇಳುತ್ತಿದ್ದೇನೆ.

ನಾನು ಟೇಲರ್ ಕೊಟ್ರಪ್ಪ. ಪಟ್ಟೆ ಬಟ್ಟೆಯಲ್ಲಿ ಅಂಗಿ ಹೊಲಿದರೆ ಜೇಬಿನ ಪಟ್ಟೆ ಎದೆಯ ಪಟ್ಟೆಗೆ ಹೇಗೆ ಕೂಡುತ್ತದೆಂದರೆ, ಹಾಕಿಕೊಂಡವನೇ ತನ್ನ ಜೇಬು ಎಲ್ಲಿದೆಯೆಂದು ಅರ್ಧ ದಿನ ಹುಡುಕಬೇಕು. ಒಬ್ಬ ತಹಶೀಲ್ದಾರರು ಹಾಗೆ ಹುಡುಕುತ್ತ ಹುಡುಕುತ್ತ ನಿವೃತ್ತರಾದರು. ನನ್ನ ಹೊಲಿಗೆಯ ಕೊನೆಯಲ್ಲಿ ಮೂರು ಸುತ್ತಿನ ಗಂಟು ಇರುತ್ತದೆ. ದಾರವನ್ನು ನಾನು ಕತ್ತರಿಯಿಂದ ಕತ್ತರಿಸುವುದಿಲ್ಲ, ಹಲ್ಲಿನಿಂದ ಕಡಿಯುತ್ತೇನೆ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ನಮ್ಮೂರಿನಲ್ಲಿ ಪ್ರತಿ ಮನೆಯ ಬಾಗಿಲ ಮೇಲೂ ಒಂದು ಕಂಚಿನ ಗಂಟೆ ಇದೆ. ಫೋನಿನ ಗುಂಪಿಗೆ ನೀವು ಒಂದು ಫೋಟೊ ಹಾಕಿ, ಅದಕ್ಕೆ ಯಾರಾದರೂ ಹೆಬ್ಬೆಟ್ಟು ಒತ್ತಿದರೆ, ಗಂಟೆ ತಾನಾಗಿಯೇ ಒಂದು ಸಲ ಢಣ್ ಎನ್ನುತ್ತದೆ. ಹತ್ತು ಹೆಬ್ಬೆಟ್ಟಿಗೆ ಹತ್ತು ಸಲ. ಕೂಸು ಮಲಗಿರುವ ಮನೆಯವರು ಗಂಟೆಯ ನಾಲಿಗೆಗೆ ಅರಿವೆ ಸುತ್ತುತ್ತಾರೆ. ಹೆಣ್ಣು ನೋಡಲು ಬಂದವರು ಒಳಗೆ ಬರುವ ಮೊದಲು ಎದುರು ಕಟ್ಟೆಯ ಮೇಲೆ ಅರ್ಧ ದಿನ ಕೂತು, ಗಂಟೆ ಎಷ್ಟು ಹೊಡೆಯಿತೆಂದು ಎಣಿಸುತ್ತಾರೆ. ಹಾಲಿನ ಚಂದ್ರವ್ವ ಸದ್ದಿರುವ ಮನೆಗೆ ಮೊದಲು ಹಾಲು ಹಾಕಿ, ಸದ್ದಿಲ್ಲದ ಮನೆಗೆ ಕೊನೆಯಲ್ಲಿ ಬರುತ್ತಾಳೆ. ಗಂಟೆ ಇಳಿಸುವವರು ಮಾತ್ರ ಯಾರೂ ಇಲ್ಲ. ಮನೆ ಖಾಲಿ ಮಾಡಿ ಊರು ಬಿಡುವವರು ಮಾತ್ರ ಅದನ್ನು ಇಳಿಸಿ ಚೀಲದಲ್ಲಿ ಹಾಕಿಕೊಂಡು ಹೋಗುತ್ತಾರೆ.

ನನ್ನ ಪಕ್ಕದ ಮನೆ ದಾವಲಸಾಬನದು. ನನಗಿಂತ ಎರಡು ವರ್ಷ ದೊಡ್ಡವನು, ಗಡಿಯಾರ ರಿಪೇರಿ ಮಾಡುವವನು. ನಮ್ಮಿಬ್ಬರ ಹಿತ್ತಲಿನ ನಡುವೆ ಎದೆಯೆತ್ತರದ ಗೋಡೆ, ಗೋಡೆಯ ಮೇಲೆ ಇಬ್ಬರಿಗೂ ಸೇರಿ ಒಂದೇ ಚಪ್ಪರ. ಇಪ್ಪತ್ತೆರಡು ವರ್ಷ ನಾವು ಆ ಚಪ್ಪರಕ್ಕೆ ಪಡವಲ ಬಳ್ಳಿ ಹಬ್ಬಿಸಿದೆವು. ಬೀಜ ಅವನ ಹೆಂಡತಿ ಜೈತೂನಬಿಯದು. ಮದುವೆಯಾಗಿ ಬರುವಾಗ ತವರಿನಿಂದ ಸೆರಗಿನ ಚುಂಗಿನಲ್ಲಿ ಕಟ್ಟಿಕೊಂಡು ತಂದಿದ್ದಳಂತೆ. ಪ್ರತಿ ವರ್ಷ ಒಂದು ಕಾಯಿಯನ್ನು ಕೊಯ್ಯದೆ ಬಳ್ಳಿಯಲ್ಲೇ ಹಣ್ಣಾಗಲು ಬಿಟ್ಟು, ಅದಕ್ಕೆ ಕೆಂಪು ಅರಿವೆಯ ಪಟ್ಟಿ ಕಟ್ಟುತ್ತಿದ್ದಳು. ಪಟ್ಟಿ ಕಟ್ಟಿದ ಬೀಜದ ಕಾಯಿಯನ್ನು ಯಾರೂ ಮುಟ್ಟುವಂತಿಲ್ಲ. ಅವಳು ತೀರಿಕೊಂಡ ಮೇಲೆ ಆ ಪಟ್ಟಿಯನ್ನು ನನ್ನ ಅಂಗಡಿಯ ತುಂಡು ಬಟ್ಟೆಯಲ್ಲಿ ನಾನೇ ಹರಿದು ಕೊಡುತ್ತಿದ್ದೆ, ದಾವಲಣ್ಣ ಕಟ್ಟುತ್ತಿದ್ದ.

ಬೆಳಗ್ಗೆ ಚಹಾ ಹಿಡಿದು ಗೋಡೆಯ ಆಚೆ ಅವನು, ಈಚೆ ನಾನು. ಕಾಯಿ ನೆಟ್ಟಗೆ ಇಳಿಯಲೆಂದು ಎಲ್ಲರೂ ತುದಿಗೆ ಕಲ್ಲು ಕಟ್ಟುತ್ತಾರೆ. ದಾವಲಣ್ಣ ಮಾತ್ರ ಕಟ್ಟುತ್ತಿರಲಿಲ್ಲ. "ಅದರ ಕುತ್ತಿಗಿಗೆ ಕಲ್ಲ ಕಟ್ಟಾಕ ಅದೇನ್ ತಪ್ಪ ಮಾಡೈತಿ" ಅನ್ನುತ್ತಿದ್ದ. ಅವನ ಕಾಯಿಗಳು ಸೊಟ್ಟ ಸೊಟ್ಟವಾಗಿ, ಕೆಲವು ಹಾವಿನ ಹಾಗೆ ಸುತ್ತಿಕೊಂಡು ಇಳಿಯುತ್ತಿದ್ದವು. "ಇದು ನೋಡು, ನಮ್ಮ ಮಾವನ ಸಹಿ ಇದ್ದಂಗೈತಿ" ಎಂದು ತೋರಿಸಿ ನಗುತ್ತಿದ್ದ. ನಾನು ನನ್ನ ಕಾಯಿ ಆನೆಯ ಸೊಂಡಿಲಿಗಿಂತ ಉದ್ದವೆಂದು ಕೊಚ್ಚಿಕೊಳ್ಳುತ್ತಿದ್ದೆ. ಅವನು ಕೇಳುತ್ತಿದ್ದ. ಪಲ್ಯ ಎರಡೂ ಮನೆಯಲ್ಲಿ ಆಗುತ್ತಿತ್ತು.

ಆಮೇಲೆ ಪಡವಲ ಬಳಗ ಬಂತು. ಮಾಡಿದವರು ವಿರೂಪಾಕ್ಷಪ್ಪನವರು. ಮೂವತ್ತು ವರ್ಷ ಮೋಜಣಿ ಇಲಾಖೆಯಲ್ಲಿ ಜನರ ಹೊಲ ಅಳೆದು ನಿವೃತ್ತರಾದವರು; ಅಳೆಯಲು ಏನೂ ಉಳಿಯದೆ ಆರು ತಿಂಗಳು ಒದ್ದಾಡಿ, ಕೊನೆಗೆ ಪಡವಲಕಾಯಿಗೆ ಕೈಹಾಕಿದರು. ಮೊದಲ ವಾರ ಚೆನ್ನಾಗಿತ್ತು. ಯಾರ ಬಳ್ಳಿಗೆ ಯಾವ ಹುಳ, ಯಾವುದಕ್ಕೆ ಬೂದಿ ಹಾಕಬೇಕು ಅಂತೆಲ್ಲ ಮಾತು. ಎರಡನೆಯ ವಾರ ನಿಯಮಗಳು ಬಂದವು. ಬೆಳಗ್ಗೆ ಏಳು ಗಂಟೆಯೊಳಗೆ, ಪಕ್ಕದಲ್ಲಿ ಟೇಪು ಹಿಡಿದ ಫೋಟೊ ಹಾಕಬೇಕು. ಹಾಕದವರ ಹೆಸರಿನ ಮುಂದೆ ಕೆಂಪು ಚುಕ್ಕೆ. ಮೂರು ಚುಕ್ಕೆಯಾದರೆ ಹೊರಗೆ. ಊರಿನ ಬೀಜ ನಾಲ್ಕೈದು ಅಡಿ ದಾಟುವುದಿಲ್ಲ, ಪೊಟ್ಟಣದ ಬೀಜ ಹಾಕಿರಿ ಎಂದು ಅಪ್ಪಣೆಯಾಯಿತು. ಜೈತೂನಬಿ ಮನೆಮನೆಗೆ ಹಂಚಿದ್ದ ಬೀಜದ ಬಳ್ಳಿಗಳನ್ನು ಎಲ್ಲರೂ ಕಿತ್ತರು. ನಾನೂ ಕಿತ್ತೆ. ಕಾಯಿ ಇಳಿಯಲು ಜಾಗ ಸಾಲದೆ ಜನ ಚಪ್ಪರದ ಕೆಳಗೆ ಗುಂಡಿ ತೋಡಿದರು. ಗಿರಣಿಯ ಶಕುಂತಲಕ್ಕ ತನ್ನ ಕಾಯಿಯನ್ನು ದಿನಕ್ಕೆ ಏಳು ಸಲ ಅಳೆಯಲು ಹೋಗಿ, ಒಬ್ಬರ ಜೋಳದಲ್ಲಿ ಇನ್ನೊಬ್ಬರ ಖಾರ ಬೀಸಿದಳು. ಆ ವಾರ ಊರಿಗೆ ಊರೇ ರೊಟ್ಟಿ ತಿಂದು ಅತ್ತಿತು.

ನಗಬೇಡಿ. ಆರೂವರೆಗೆ ಎದ್ದು, ಕಾಯಿ ನಿನ್ನೆಯಷ್ಟೇ ಇದೆಯೆಂದು ಟೇಪಿನಲ್ಲಿ ಕಂಡವರಲ್ಲ ನೀವು. ಏಳಕ್ಕೆ ಓಣಿಯ ಗಂಟೆಗಳು ಶುರುವಾಗುತ್ತವೆ. ಶಕುಂತಲಕ್ಕನ ಮನೆಯಲ್ಲಿ ಮೂವತ್ತು. ಎದುರು ಮನೆಯಲ್ಲಿ ಇಪ್ಪತ್ತಾರು. ನೀವು ಗಡ್ಡಕ್ಕೆ ಸೋಪು ಹಚ್ಚಿಕೊಂಡು ನಿಂತು, ನಿಮ್ಮ ಬಾಗಿಲ ಕಡೆ ಕಿವಿ ಕೊಡುತ್ತೀರಿ. ಸೋಪು ಒಣಗುತ್ತದೆ.

ದಾವಲಣ್ಣ ಗುಂಪಿಗೆ ಹಾಕಿದ್ದು ಒಂದೇ ಫೋಟೊ. ಮಾವನ ಸಹಿಯಂಥ ಕಾಯಿ. ಟೇಪು ಇಲ್ಲ, ಕೆಳಗೆ ಒಂದು ಸಾಲು: "ಇವತ್ತ ಇದು ನಗಾಕತ್ತೈತಿ." ಯಾರೋ ಮೊದಲು ನಗುವ ಮುಖ ಹಾಕಿದರು, ಯಾರೆಂದು ನನಗೆ ನೆನಪಿಲ್ಲ. ಆಮೇಲೆ ಎಲ್ಲರೂ ನಕ್ಕರು. ಕಾಯಿಯೋ ಜಿಲೇಬಿಯೋ ಎಂದು ಒಬ್ಬರು, ಗಡಿಯಾರದ ಸ್ಪ್ರಿಂಗು ತೋಟದಲ್ಲಿ ಬಿತ್ತಿದ್ದಾರೆಂದು ಇನ್ನೊಬ್ಬರು. ನಗುವ ಮುಖಕ್ಕೆ ಗಂಟೆ ಹೊಡೆಯುವುದಿಲ್ಲ. ಶಿಸ್ತು ಇಲ್ಲದವರಿಗೆ ಬಳಗದಲ್ಲಿ ಜಾಗವಿಲ್ಲವೆಂದು ಬರೆದು ವಿರೂಪಾಕ್ಷಪ್ಪನವರು ಅವನನ್ನು ತೆಗೆದುಹಾಕಿದರು. ಅಂದಿನಿಂದ ಅವನ ಗಂಟೆ ಸುಮ್ಮನಾಯಿತು. ಹಾಲು ತಡವಾಗಿ ಬರತೊಡಗಿತು. ರಿಪೇರಿಗೆ ಗಡಿಯಾರ ತರುವವರು ಎರಡು ಓಣಿ ದಾಟಿ ಬೇರೆಯವರ ಹತ್ತಿರ ಹೋದರು. ಅವನು ಗೋಡೆಯ ಹತ್ತಿರ ಚಹಾ ಹಿಡಿದು ನಿಲ್ಲುತ್ತಿದ್ದ. ನಾನು ಈಚೆ ಗುಂಡಿಯಲ್ಲಿ ಕೂತು ಫೋಟೊ ಸರಿಮಾಡುತ್ತಿದ್ದೆ.

"ಕೊಟ್ರಪ್ಪಾ, ಬಳ್ಳಿಗೆ ನೀರ ಹಾಕೀ ಏನು?"

"ಹಾಕ್ತೀನಿ ದಾವಲಣ್ಣ, ಒಂದ್ ನಿಮಿಷ ತಡಿ."

ಅಷ್ಟೇ ನಮ್ಮ ಮಾತು.

ನನ್ನ ಕಾಯಿ ನಾಲ್ಕೂವರೆ ಅಡಿಗೆ ನಿಂತುಬಿಟ್ಟಿತು. ಅದು ಬಿಟ್ಟಾಗಿನಿಂದ ಹತ್ತೊಂಬತ್ತು ದಿನ ಒಬ್ಬರೂ ಹೆಬ್ಬೆಟ್ಟು ಒತ್ತಲಿಲ್ಲ, ನನ್ನ ಗಂಟೆ ಹೊಡೆಯಲಿಲ್ಲ. ಇಪ್ಪತ್ತನೆಯ ದಿನ ನಾನು ಗುಂಪಿನಲ್ಲಿ ಬರೆದೆ: ಒಂಬತ್ತು ಅಡಿ ಮುಟ್ಟಿದೆ, ಇನ್ನೂ ಇಳಿಯುತ್ತಿದೆ, ದೃಷ್ಟಿಯಾದೀತೆಂದು ಫೋಟೊ ಹಾಕಿಲ್ಲ. ಇದು ಗುರುವಾರ. ವಿರೂಪಾಕ್ಷಪ್ಪನವರು ತಕ್ಷಣ ಉತ್ತರ ಕೊಟ್ಟರು: ನಾಳೆ ಸಂಜೆಯೊಳಗೆ ಫೋಟೊ ಹಾಕಿ, ಭಾನುವಾರ ನಾನೇ ಬಂದು ಅಳೆಯುತ್ತೇನೆ, ಐದು ಅಡಿಯ ಕೆಳಗಿನವರನ್ನು ಅಂದೇ ತೆಗೆಯಲಾಗುವುದು.

ನನ್ನ ಹೆಂಡತಿ ಬಸಲಿಂಗವ್ವ ಅದನ್ನು ಓದಿ ಫೋನು ಕೆಳಗಿಟ್ಟಳು. "ಒಂಬತ್ತ ಅಡಿ ಎಲ್ಲೈತ್ರಿ?"

"ಬರ್ತೈತಿ."

"ಬಸ್ಸಿಗೇನು?"

ಶುಕ್ರವಾರದ ಬಿಸಿಲು ಎಷ್ಟಿತ್ತೆಂದರೆ ಕಾಗೆಗಳು ಹಾರುವುದು ಬಿಟ್ಟು ಗೋಡೆಯ ನೆರಳು ಹಿಡಿದು ನಡೆದು ಹೋಗುತ್ತಿದ್ದವು. ದಾವಲಣ್ಣ ಜುಮ್ಮಾ ನಮಾಜಿಗೆ ಹೋಗಿದ್ದ. ಅವನ ಬಳ್ಳಿ ಸುಗ್ಗಿ ಮುಗಿಸಿ ಒಣಗುತ್ತಿತ್ತು, ಉಳಿದಿದ್ದು ಬೀಜದ ಕಾಯಿ ಒಂದೇ. ಆ ವರ್ಷ ಅದು ಯಾರೂ ಹೇಳದೆ ಕೇಳದೆ, ಕಲ್ಲಿಲ್ಲದೆ, ನೆಟ್ಟಗೆ ಐದೂವರೆ ಅಡಿ ಇಳಿದಿತ್ತು. ಇನ್ನೂ ಹಸಿರು. ಕೊರಳಲ್ಲಿ ಕೆಂಪು ಪಟ್ಟಿ, ನಾನೇ ಹರಿದು ಕೊಟ್ಟಿದ್ದು. ನಾನು ಗೋಡೆ ಹತ್ತಿ, ಪಟ್ಟಿಯ ಒಂದು ಗೇಣು ಕೆಳಗೆ ಬಟ್ಟೆ ಕತ್ತರಿಸುವ ದೊಡ್ಡ ಕತ್ತರಿ ಹಾಕಿದೆ. ಒಂದೇ ಕಚ್ಚು. ಸದ್ದು ಇಡೀ ಓಣಿಗೆ ಕೇಳಿತೆನ್ನಿಸಿ ಐದು ನಿಮಿಷ ಗೋಡೆಯ ಮೇಲೆ ಹಾಗೇ ಕೂತಿದ್ದೆ. ಯಾರೂ ಬರಲಿಲ್ಲ.

ಆಮೇಲೆ ನಾನು ಮಾಡಿದ ಕೆಲಸ ಮಾತ್ರ ಸುಳ್ಳಲ್ಲ. ನನ್ನ ಕಾಯಿಯ ತುದಿ ಸವರಿ, ಒಳಗೆ ಬಿದಿರಿನ ಸೀಳು ಇಟ್ಟು, ಅವನ ಕಾಯಿಯನ್ನು ಅದಕ್ಕೆ ಕೂಡಿಸಿದೆ. ಬಿಳಿ ಪಟ್ಟೆಗೆ ಬಿಳಿ ಪಟ್ಟೆ, ಹಸಿರಿಗೆ ಹಸಿರು, ತೆಳು ಹಸಿರು ರೇಷ್ಮೆ ದಾರ, ಜಿರಲೆಯ ಮೀಸೆಯಷ್ಟು ಸಣ್ಣ ಹೊಲಿಗೆ. ಕೊನೆಯಲ್ಲಿ ಕೈ ತನ್ನ ರೂಢಿಯ ಕೆಲಸ ತಾನು ಮಾಡಿತು. ಮೂರು ಸುತ್ತಿನ ಗಂಟು. ಬಾಯಿ ಹಾಕಿ ಕಡಿದೆ.

ಸಂಜೆ ಐದಕ್ಕೆ ಫೋಟೊ ಹಾಕಿ, ನಡುಮನೆಯಲ್ಲಿ ನಿಂತೆ.

ಢಣ್.

ಸದ್ದು ಬಂದದ್ದು ಬಲಗಡೆಯಿಂದ. ನಮ್ಮ ಮನೆಯ ಬಲಗಡೆ ಇರುವುದು ದಾವಲಣ್ಣನ ಬಾಗಿಲು.

ಢಣ್. ಢಣ್. ಢಣ್.

ಹೊರಗೆ ಓಡಿದೆ. ಅವನು ಅಂಗಡಿಯ ಮೇಜಿನಿಂದ ಎದ್ದು ಬಾಗಿಲಿಗೆ ಬಂದಿದ್ದ. ಒಂದು ಕಣ್ಣಿಗೆ ಭೂತಗನ್ನಡಿ ಹಾಗೇ ಸಿಕ್ಕಿಕೊಂಡಿತ್ತು, ಕೈಯಲ್ಲಿ ಚಿಮಟ. ತಲೆಯೆತ್ತಿ ಗಂಟೆಯನ್ನೇ ನೋಡುತ್ತಿದ್ದ. ಅದು ನಾಲ್ಕು ತಿಂಗಳ ದೂಳು ಕೊಡವಿಕೊಂಡು ಹೊಡೆಯುತ್ತಿತ್ತು.

"ಕೊಟ್ರಪ್ಪಾ, ಕೇಳಿಸಾಕತ್ತೈತೇನು?"

"ಏನು?"

"ನಂದು."

ನಾನು ಗಾಳಿ ಅಂದೆ. ಎಲೆ ಅಲ್ಲಾಡುತ್ತಿರಲಿಲ್ಲ. ಅವನು ನನ್ನ ಮಾತು ಕೇಳಿಸಿಕೊಳ್ಳಲೇ ಇಲ್ಲ. "ಯಾರೋ ನನ್ನ ಸೊಟ್ಟ ಕಾಯಿ ಫೋಟೊ ಮತ್ತ ಹಾಕ್ಯಾರ ಕಾಣಸ್ತೈತಿ. ನೋಡು, ಮರತಿಲ್ಲ ಜನ" ಎಂದ. ಒಳಗೆ ಹೋಗಿ ಕುರ್ಚಿ ತಂದು ಗಂಟೆಯ ಕೆಳಗೆ ಹಾಕಿಕೊಂಡ. ಮತ್ತೆ ಎದ್ದು ಹೋಗಿ, ಒಗೆದ ಟೊಪ್ಪಿಗೆ ಹಾಕಿಕೊಂಡು ಬಂದು ಕೂತ. ಬೆರಳು ಮಡಚಿ ಎಣಿಸುತ್ತಿದ್ದ. ಓಣಿಯ ಜನ ಹೊರಗೆ ಬಂದು ನೋಡಿದರು. ಗುಂಪಿನಿಂದ ತೆಗೆದುಹಾಕಿದ ಮನುಷ್ಯನ ಗಂಟೆ. ನಾನು ಒಳಗೆ ಹೋದೆ. ಸ್ವಲ್ಪ ಹೊತ್ತಿಗೆ ನನ್ನ ಮನೆಯ ಗಂಟೆಯೂ ಹೊಡೆಯಿತು. ಅವನದು ಒಂದು, ನನ್ನದೊಂದು, ಜೋಡೆತ್ತಿನ ಕೊರಳಿನ ಹಾಗೆ. ಅದಕ್ಕೇ ಯಾರಿಗೂ ಹೆಚ್ಚು ಅನುಮಾನ ಬರಲಿಲ್ಲ.

ನನಗೆ ಮಾತ್ರ ತಿಳಿದುಹೋಗಿತ್ತು. ಗಂಟೆ ಹೊಡೆಯುವುದು ಫೋಟೊ ಹಾಕಿದವನ ಬಾಗಿಲಲ್ಲಲ್ಲ, ಬೆಳೆದವನ ಬಾಗಿಲಲ್ಲಿ. ಇಷ್ಟು ವರ್ಷ ಇದು ಯಾರಿಗೂ ಗೊತ್ತಾಗದೆ ಇದ್ದದ್ದು ಹೇಗೆಂದರೆ, ಸೊಸೆ ಮಾಡಿದ ಹೋಳಿಗೆಯ ಫೋಟೊ ಅತ್ತೆ ಹಾಕಿದರೂ ಬಾಗಿಲು ಒಂದೇ. ಬೇರೆಯವರ ಬಾಗಿಲಿನದನ್ನು ಕತ್ತರಿಸಿ ತಂದವನು ನಾನೇ ಮೊದಲಿಗ.

ಶನಿವಾರ ಬೆಳಗ್ಗೆ ಅವನು ಗೋಡೆಯ ಮೇಲೆ ಕೈಯಿಟ್ಟು ನಿಂತಿದ್ದ. ಅಂಗೈಯಲ್ಲಿ ಕೆಂಪು ಪಟ್ಟಿ, ಅದಕ್ಕೆ ಅಂಟಿಕೊಂಡ ಒಂದು ಗೇಣು ತುಂಡು.

"ಬೀಜದ ಕಾಯಿ ಹೋತು ಕೊಟ್ರಪ್ಪಾ."

"ಮಂಗ್ಯಾ ಬಂದಿರಬೇಕು."

ಅವನು ತುಂಡನ್ನು ತಿರುಗಿಸಿ, ಕತ್ತರಿಸಿದ ಮುಖವನ್ನು ಹೆಬ್ಬೆರಳಿನಿಂದ ಸವರಿದ. ಅದು ಕನ್ನಡಿಯ ಹಾಗೆ ನುಣುಪಾಗಿತ್ತು. "ಇರಬೇಕು" ಎಂದ. ಪಟ್ಟಿ ಬಿಚ್ಚಿ ಜೇಬಿಗೆ ಹಾಕಿಕೊಂಡು, "ಊರಾಗ ಎಲ್ಲಾರೂ ಕಿತ್ತರು. ಜೈತೂನಳದು ಇದೊಂದ ಉಳದಿತ್ತು. ಮೂರ ಬೀಜ ಸಿಕ್ಕಿದ್ರ ಸಾಕಿತ್ತು" ಎಂದ. ನಾನು ಬಗ್ಗಿ, ಒದ್ದೆ ಬಟ್ಟೆ ಸುತ್ತಿದ ನನ್ನ ಒಂಬತ್ತು ಅಡಿಯನ್ನು ಸರಿಮಾಡುವವನ ಹಾಗೆ ನಟಿಸಿದೆ. ಕೆಳಗಿನ ಅರ್ಧ ಆಗಲೇ ಬಾಡತೊಡಗಿತ್ತು. ಅಂದು ಇಡೀ ದಿನ ಗಳಿಗೆಗೊಮ್ಮೆ ಬಟ್ಟೆ ತೋಯಿಸಿದೆ. ಮೂರು ಕೊಡ ನೀರು ನನ್ನ ಹಣೆಯಿಂದಲೇ ಇಳಿಯಿತು.

ಭಾನುವಾರ ಹತ್ತು ಗಂಟೆಗೆ ವಿರೂಪಾಕ್ಷಪ್ಪನವರು, ಶಕುಂತಲಕ್ಕ, ಇನ್ನಿಬ್ಬರು ಬಂದರು. ಯಾರೂ ಕೂರಲಿಲ್ಲ, ಬಸಲಿಂಗವ್ವ ಕೊಟ್ಟ ಚಹಾ ಮುಟ್ಟಲಿಲ್ಲ. ಶಕುಂತಲಕ್ಕನ ಕಣ್ಣ ಸುತ್ತ ಕಪ್ಪು ಕಟ್ಟಿತ್ತು. ಅವಳದು ಎಂಟು ಅಡಿ ಹತ್ತು ಅಂಗುಲಕ್ಕೆ ನಿಂತಿತ್ತು.

"ಅರಿವಿ ತಗೀರಿ ಕೊಟ್ರಪ್ಪಾರ" ಎಂದರು ವಿರೂಪಾಕ್ಷಪ್ಪನವರು.

ತೆಗೆದೆ. ಅವರು ಗುಂಡಿಗೆ ಇಳಿದು ಟೇಪು ಎಳೆದರು. ಒಂಬತ್ತು ಅಡಿ ಎರಡು ಅಂಗುಲ. ಹೊಲ ಅಳೆದ ಕಣ್ಣು ಮೇಲಿನಿಂದ ಕೆಳಗೆ, ಕೆಳಗಿನಿಂದ ಮೇಲೆ ಹೋಗಿ, ನಡುವೆ ಒಂದು ಕಡೆ ನಿಂತಿತು. "ಇಲ್ಲೊಂದು ಬದು ಇದ್ದಂಗ ಕಾಣತೈತಲ್ಲ."

"ಬೆಳಿಯೋ ಕಾಯಿ, ಸಾಹೇಬ್ರ" ಎಂದೆ.

"ನನ್ನ ಕಣ್ಣಿಗೆ ಸಣ್ಣದು ಹತ್ತಂಗಿಲ್ಲ. ಬಾಜೂ ಗಡಿಯಾರದವರು ಅದಾರಲ್ಲ, ಅವರ ಹತ್ರ ಭೂತಗನ್ನಡಿ ಇರ್ತೈತಿ. ಕರೀರಿ."

ಕರೆಯಬೇಡಿ ಅನ್ನಲು ನನಗೆ ಒಂದು ಕಾರಣವೂ ಹೊಳೆಯಲಿಲ್ಲ. ಹುಟ್ಟಿದಾರಭ್ಯ ಒಂದು ಸುಳ್ಳಿಗೂ ತಡವರಿಸದ ಬಾಯಿ ಅದು. ಶಕುಂತಲಕ್ಕ ಹೋಗಿ ಕರೆತಂದಳು. ಗುಂಪಿನಿಂದ ಹೊರಗೆ ಹಾಕಿದ ಮೇಲೆ ಆ ನಾಲ್ವರಲ್ಲಿ ಯಾರಾದರೂ ಅವನ ಹೆಸರು ಹಿಡಿದು ಮಾತಾಡಿಸಿದ್ದು ಅದೇ ಮೊದಲು. ಅವನು ಒಗೆದ ಟೊಪ್ಪಿಗೆಯಲ್ಲಿ ಬಂದ, ಎಲ್ಲರಿಗೂ ಸಲಾಮು ಹೇಳಿದ, ಗುಂಡಿಗೆ ಇಳಿದು ಮೊಣಕಾಲೂರಿ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡ.

ಗೋಧಿಕಾಳಿಗಿಂತ ಸಣ್ಣ ತಿರುಪು ಕಾಣುವ ಕಣ್ಣದು. ಹೊಲಿಗೆಯನ್ನು ಹಿಡಿದುಕೊಂಡು ಕಾಯಿಯ ಸುತ್ತ ಹೋಯಿತು. ಗಂಟಿನ ಹತ್ತಿರ ನಿಂತಿತು. ಮೂರು ಸುತ್ತು, ಹಲ್ಲಿನಿಂದ ಕಡಿದ ತುದಿ. ಅವನ ಮೈಮೇಲಿನ ಅಂಗಿಯ ತೋಳಿನಲ್ಲೂ ಅದೇ ಗಂಟಿತ್ತು. ಆಮೇಲೆ ಅವನು ಕೆಳಗಿನ ಅರ್ಧವನ್ನು ಎರಡೂ ಅಂಗೈಯಲ್ಲಿ ಹಿಡಿದ. ಗುರುತು ಹಿಡಿಯಲು ಭೂತಗನ್ನಡಿ ಬೇಕಾಗಿರಲಿಲ್ಲ. ಬಸಲಿಂಗವ್ವ ಚಹಾದ ತಟ್ಟೆ ಹಿಡಿದು ನಿಂತಿದ್ದಳು.

"ಏನೈತ್ರಿ ಸಾಬ್ರ?"

ಅವನು ಭೂತಗನ್ನಡಿ ತೆಗೆದು ಅಂಗಿಯ ಅಂಚಿನಲ್ಲಿ ಒರೆಸಿದ. "ಮಡಿಕಿ ರೀ. ಉದ್ದ ಬೆಳಿಯೋ ಕಾಯಿಗೆ ಬೀಳ್ತೈತಿ. ಕಾಯಿ ಚಲೋ ಐತಿ."

ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ಒಳ್ಳೆಯದಿತ್ತು.

ವಿರೂಪಾಕ್ಷಪ್ಪನವರು ಅಲ್ಲೇ ಫೋಟೊ ತೆಗೆದು, ದಾಖಲೆಯೆಂದು ಬರೆದು ಗುಂಪಿಗೆ ಹಾಕಿದರು. ಬಂದ ನಾಲ್ವರೂ ಹೆಬ್ಬೆಟ್ಟು ಒತ್ತಿದರು, ಶಕುಂತಲಕ್ಕ ಕೊನೆಗೆ, ತುಟಿ ಕಚ್ಚಿಕೊಂಡು. ಆಮೇಲೆ ಊರೆಲ್ಲ ಒತ್ತಿತು. ಢಣ್ ಢಣ್ ಢಣ್ ಎಂದು ಪಕ್ಕದ ಮನೆಯ ಬಾಗಿಲು ಹಬ್ಬದ ಹಾಗೆ ಹೊಡೆದುಕೊಳ್ಳತೊಡಗಿತು. ಎಲ್ಲರೂ ಗೋಡೆಯ ಆಚೆ ತಿರುಗಿದರು.

"ದಾವಲಸಾಬ್ರ, ನಿಮ್ಮ ಗಂಟಿ ಯಾಕ ಹೊಡೀತೈತಿ?" ವಿರೂಪಾಕ್ಷಪ್ಪನವರ ದನಿ ಸಣ್ಣದಾಗಿತ್ತು, ಗಡಿಕಲ್ಲು ಜರುಗಿಸಿದವನನ್ನು ಕೇಳುವ ದನಿ.

"ಕೆಟ್ಟೈತ್ರಿ" ಎಂದ ದಾವಲಣ್ಣ. "ಶುಕ್ರವಾರದಿಂದ ಹಿಂಗ. ಗಡಿಯಾರ ರಿಪೇರಿ ಬರ್ತೈತಿ ನನಗ, ಗಂಟಿದು ಬರಂಗಿಲ್ಲ. ಇಳಿಸಿಬಿಡ್ತೀನಿ, ನಿಮಗ ಕಿರಿಕಿರಿ ಬ್ಯಾಡ."

ಮೆಲ್ಲಗೆ ಗುಂಡಿಯಿಂದ ಮೇಲೆ ಬಂದು, ಮಂಡಿಯ ಮಣ್ಣು ಝಾಡಿಸಿ, ಹೊರಟ. ಅವನು ಸ್ಟೂಲು ಎಳೆದ ಸದ್ದು ನನಗೆ ಕೇಳಿಸಿತು. ಶುಕ್ರವಾರ ಆ ಗಂಟೆಯ ಕೆಳಗೆ ಕುರ್ಚಿ ಹಾಕಿಕೊಂಡು ಕೂತವನು. ಇನ್ನು ಅವನು ಅದನ್ನು ಚೀಲದಲ್ಲಿ ಹಾಕಿಕೊಂಡರೆ, ಬೀಜವಿಲ್ಲದ ಆ ಹಿತ್ತಲಲ್ಲಿ ಅವನಿಗೆ ಏನು ಉಳಿಯಿತು? ಊರು ಬಿಟ್ಟೇಬಿಡುತ್ತಿದ್ದ. ನನ್ನ ಕೊರಳಲ್ಲಿ ನೇತಾಡುತ್ತಿದ್ದ ಕತ್ತರಿ ಹಿಡಿದು, ಕಾಯಿಯ ನಡುವಿನ ಹೊಲಿಗೆ ಬಿಚ್ಚಿದೆ. ಒಂದು ದಾರ, ಎರಡು ದಾರ. ಕೆಳಗಿನ ಅರ್ಧ ನನ್ನ ಕೈಗೆ ಕಳಚಿ ಬಂತು. ಒಳಗಿನ ಬಿದಿರು ಗುಂಡಿಗೆ ಬಿದ್ದು ಟಕ್ ಎಂದಿತು.

"ಇದು ಅವಂದು" ಎಂದೆ. "ಬೀಜದ ಕಾಯಿ. ನಾನ ಕತ್ತರಿಸೀನಿ. ಅವ ನಮಾಜಕ್ಕ ಹೋದಾಗ."

ಶಕುಂತಲಕ್ಕ ಗುಂಡಿಯ ಅಂಚಿನಲ್ಲಿ ದೊಪ್ಪನೆ ಕೂತಳು, ಕೂತವಳು ನಗತೊಡಗಿದಳು, ನಗು ಸ್ವಲ್ಪ ಹೊತ್ತಿಗೆ ಬೇರೆಯೇ ಆಯಿತು. "ನಂದೂ ಎಂಟ ಅಡಿ ಹತ್ತ ಅಂಗುಲ ಅಲ್ಲ" ಎಂದಳು. "ಟೇಪಿನ ಮೊದಲಿಂದ ಹತ್ತ ಅಂಗುಲ ಕತ್ತರಿಸೀನಿ." ವಿರೂಪಾಕ್ಷಪ್ಪನವರು ತಮ್ಮ ಟೇಪು ಸುತ್ತಿ ಜೇಬಿಗೆ ಹಾಕಿಕೊಂಡರು. ತಣ್ಣಗಾದ ಚಹಾ ಕುಡಿದು ಹೋದರು. ಅವರು ಮನೆ ಮುಟ್ಟುವ ಮೊದಲೇ ನನ್ನ ಮತ್ತು ಶಕುಂತಲಕ್ಕನ ಹೆಸರು ಗುಂಪಿನಿಂದ ಹೋಗಿತ್ತು.

ನಾನು ಆ ಅರ್ಧ ಕಾಯಿಯನ್ನು ಕೂಸಿನ ಹಾಗೆ ಎರಡೂ ತೋಳಿನಲ್ಲಿ ಹಿಡಿದು ಅವನ ಬಾಗಿಲಿಗೆ ಹೋದೆ. ಅವನು ಸ್ಟೂಲಿನ ಮೇಲಿದ್ದ, ಒಂದು ಕೈ ಗಂಟೆಯ ಕೊಕ್ಕೆಯ ಮೇಲೆ. ಕಾಯಿಯನ್ನು ನೋಡಿದ. ಇಳಿದು ಬಂದು ತೆಗೆದುಕೊಂಡ. ಕೆಂಪು ಪಟ್ಟಿ ಜೇಬಿನಲ್ಲೇ ಇತ್ತು, ತೆಗೆದು ಅದಕ್ಕೆ ಕಟ್ಟಿ, ಬೂದಿಯ ಮಡಕೆಯ ಪಕ್ಕ ನೆರಳಿನಲ್ಲಿ ನೇತುಹಾಕಿದ. ನನ್ನ ಜೊತೆ ಹದಿನೇಳು ದಿನ ಮಾತಾಡಲಿಲ್ಲ. ಹದಿನೆಂಟನೆಯ ದಿನ ಗೋಡೆಯ ಮೇಲೆ ಒಂದು ಲೋಟ ಚಹಾ ಇತ್ತು. ಕಾಯಿ ಸುಕ್ಕುಗಟ್ಟಿ ಒಣಗಿದ ಮೇಲೆ ಸೀಳಿದೆವು. ಎಲ್ಲ ಬೀಜ ಬಿಳಿ, ಜೊಳ್ಳು. ಎರಡು ಮಾತ್ರ ಕಂದು ಬಣ್ಣಕ್ಕೆ ತಿರುಗಿದ್ದವು. ಅವು ಹುಟ್ಟುತ್ತವೋ ಇಲ್ಲವೋ, ಮುಂದಿನ ಮಳೆಗೇ ಗೊತ್ತು.

ಇಲ್ಲಿಗೆ ಮುಗಿಸಿ, ಬರೆದದ್ದನ್ನು ನಿನ್ನೆ ದಾವಲಣ್ಣನಿಗೆ ಓದಲು ಕೊಟ್ಟೆ. ಭೂತಗನ್ನಡಿ ಹಾಕಿಕೊಂಡೇ ಓದಿದ. ಮೂವತ್ತೇಳು ಅಡಿಗೆ ಏನೂ ಅನ್ನಲಿಲ್ಲ. ತಹಶೀಲ್ದಾರರಿಗೆ ನಕ್ಕ. ಒಂದು ಕಡೆ ಬೆರಳಿಟ್ಟು ನಿಂತ.

"ಇಲ್ಲಿ, ಶುಕ್ರವಾರ ಸಂಜೀಕ ನಿನ್ನ ಗಂಟೀನೂ ಹೊಡೀತು ಅಂತ ಬರದೀ."

"ಹೌದು, ಹೊಡೀತು."

"ಜೋಡೆತ್ತಿನಂಗ?"

"ಹೂಂ."

"ಕೊಟ್ರಪ್ಪಾ, ನಾ ಆವತ್ತ ಗಂಟಿ ಕೆಳಗ ಕೂತಾಗ ಕಣ್ಣಾಗ ಇದ ಇತ್ತು" ಎಂದು ಭೂತಗನ್ನಡಿ ಮುಟ್ಟಿ ತೋರಿಸಿದ. "ನಿನ್ನ ಗಂಟಿ ನಾಲಗಿಯಿಂದ ಕಿಟಕಿ ಒಳಗ ಒಂದ ಹಸಿರ ದಾರ ಹೋಗಿತ್ತು."

ಅಡಿಗೆಮನೆಯಿಂದ ಬಸಲಿಂಗವ್ವ, "ನನ್ನ ಕಡೆನೂ ಸ್ವಲ್ಪ ಎಳಿಸ್ಯಾರ ಅಣ್ಣಾ, ಕೈ ನೋಯ್ತೈತಿ ಅಂತ" ಅಂದಳು.

ಸರಿ. ಮೊದಲ ಸಾಲನ್ನು ಹೊಡೆದುಹಾಕುವುದಿಲ್ಲ, ಅದು ಅಲ್ಲೇ ಇರಲಿ. ನಿಜವನ್ನು ಇಲ್ಲಿ ಬರೆಯುತ್ತೇನೆ. ದಾವಲಣ್ಣನ ಫೋಟೊಗೆ ಮೊದಲು ನಗುವ ಮುಖ ಹಾಕಿದವನು ನಾನು. ಶುಕ್ರವಾರ ಸಂಜೆ ಕಿಟಕಿಯ ಹಿಂದೆ ಕೂತು, ಅವನ ಗಂಟೆಯ ಸದ್ದು ಕೇಳಿ ಕೇಳಿ ದಾರ ಜಗ್ಗಿದವನು ನಾನು. ನನ್ನ ಗಂಟೆ ಒಂದು ಸಲವೂ ತಾನಾಗಿ ಹೊಡೆಯಲಿಲ್ಲ. ಕೆಳಗಿನ ಅರ್ಧ ಅವನದು, ಅದಕ್ಕೆ ಅವನ ಗಂಟೆ ಹೊಡೆದದ್ದು ಸರಿ. ಮೇಲಿನ ಅರ್ಧಕ್ಕಾದರೂ ನನ್ನದು ಹೊಡೆಯಬೇಕಿತ್ತು. ಯಾಕೆ ಹೊಡೆಯಲಿಲ್ಲವೆಂದು ಬಹಳ ದಿನ ಯೋಚಿಸಿದೆ, ಕೊನೆಗೆ ದಾವಲಣ್ಣನನ್ನೇ ಕೇಳಿದೆ. ನಾನು ಗುಂಡಿಯಲ್ಲಿ ಕೂತು ಫೋನು ನೋಡುತ್ತಿದ್ದ ಆ ನಾಲ್ಕು ತಿಂಗಳು, ಗೋಡೆಯ ಆಚೆಯಿಂದ ಕೈಚಾಚಿ ನನ್ನ ಬಳ್ಳಿಗೆ ದಿನಾ ನೀರು ಹಾಕಿದವನು ಅವನು. ಮೂವತ್ತೇಳು ಅಡಿಯಲ್ಲಿ, ಒಂಬತ್ತು ಅಡಿಯಲ್ಲಿ, ನಾಲ್ಕೂವರೆ ಅಡಿಯಲ್ಲಿ, ನಾನು ಬೆಳೆದದ್ದು ಒಂದು ಅಂಗುಲವೂ ಇಲ್ಲ.